ಉದ್ಧರಣ ಚಿಹ್ನೆಯೊಳಗಿನ ಪದಗಳನ್ನು ಎಲ್ಲ ವಿಷಯಗಳಲ್ಲೂ ಒಂದೇ ರೀತಿ ಅನುವಾದಿಸಬಹುದೇ?

ಪ್ರಶ್ನೆ: ಕರಡುತಿದ್ದುವವಳು

ಬೇರೆ ಬೇರೆ ಜ್ಞಾನಶಾಖೆಗಳ ನಾಲ್ಕು ಇಂಗ್ಲಿಷ್ ಪ್ರಬಂಧಗಳ ಕನ್ನಡ ಅನುವಾದವನ್ನು ಪರಿಷ್ಕರಿಸುವ ಕೆಲಸದಲ್ಲಿದ್ದೇನೆ. ಒಂದು ಕರ್ನಾಟಕದ ಭೂಸುಧಾರಣಾ ಕಾನೂನನ್ನು ಕುರಿತದ್ದು, ಒಂದು ಭಾಷಾವಿಜ್ಞಾನದ್ದು, ಒಂದು ಆಧುನಿಕ ಭೌತವಿಜ್ಞಾನದ್ದು, ಕೊನೆಯದು ಮನೋವೈದ್ಯಕೀಯದ್ದು. ನಾಲ್ವರು ಅನುವಾದಕರೂ ಮೂಲದಲ್ಲಿ ಉದ್ಧರಣ ಚಿಹ್ನೆ ಕಂಡಲ್ಲೆಲ್ಲ ಕನ್ನಡದಲ್ಲೂ ಅದನ್ನು ಹಾಕಿದ್ದಾರೆ. ಸಾಲದೆಂಬಂತೆ, ಕನ್ನಡದಲ್ಲಿ ಓರೆ ಅಕ್ಷರ ಕಣ್ಣಿಗೆ ಹಿತವಾಗುವುದಿಲ್ಲವೆಂದು, ಮೂಲದಲ್ಲಿ ಓರೆಯಾಗಿದ್ದ ಪದಗಳಿಗೂ ಅದೇ ಒಂಟಿ ಚಿಹ್ನೆಯನ್ನು ತೊಡಿಸಿದ್ದಾರೆ. ಹೀಗಾಗಿ ಕೆಲವು ಪುಟಗಳು ಕೋಳಿ ಕೆದರಿದ ಅಂಗಳದಂತೆ ಕಾಣುತ್ತಿವೆ.

ಶಾಲೆಯಲ್ಲಿ ನಾವು ಕಲಿತದ್ದು ಸರಳವಾಗಿತ್ತು. ಒಬ್ಬರು ಆಡಿದ ಮಾತನ್ನು ಹಾಗೆಯೇ ಬರೆಯುವಾಗ ಜೋಡಿ ಗೆರೆಯ ಉದ್ಧರಣ ಚಿಹ್ನೆ. ಪಾರಿಭಾಷಿಕ ಪದ, ಅನ್ಯಭಾಷೆಯ ಪದ ಅಥವಾ ಮುಖ್ಯವೆನಿಸಿದ ಪದಕ್ಕೆ ಒಂಟಿ ಗೆರೆಯ ವಾಕ್ಯವೇಷ್ಟನ ಚಿಹ್ನೆ. (ವೇಷ್ಟಿಸುವುದು ಪದವನ್ನೇ ಆದರೂ ಹೆಸರು ಮಾತ್ರ ವಾಕ್ಯದ್ದು, ಇರಲಿ.) ಈ ನಿಯಮ ನನ್ನ ಕೈಯಲ್ಲಿರುವ ಕರಡಿಗೆ ಸಾಲುತ್ತಿಲ್ಲ. ಭೂಸುಧಾರಣೆಯ ಪ್ರಬಂಧದಲ್ಲಿ ‘ಸ್ವತಃ ಸಾಗುವಳಿ’ ಎಂಬ ಮಾತು ಹನ್ನೊಂದು ಕಡೆ ಚಿಹ್ನೆಯೊಳಗೆ ಬಂದಿದೆ. ಮೊದಲ ಕಡೆಯಲ್ಲಿ ಲೇಖಕರು ಕಾಯಿದೆಯ ವ್ಯಾಖ್ಯೆಯನ್ನು ಹೇಳುತ್ತಿರುವಂತಿದೆ. ಕೊನೆಯ ಕಡೆಯಲ್ಲಿ, ನಗರದಲ್ಲಿ ಕುಳಿತ ಒಡೆಯರನ್ನು ಹಂಗಿಸುತ್ತಿರುವಂತಿದೆ. ಚಿಹ್ನೆ ಒಂದೇ, ಕೆಲಸ ಎರಡು. ಇಂಥಲ್ಲಿ ಚಿಹ್ನೆಯನ್ನು ಹಾಗೆಯೇ ಉಳಿಸಬೇಕೆ, ಅಥವಾ ‘ಎಂಬ’, ‘ಎನ್ನಲಾದ’ ಮುಂತಾದ ನಮ್ಮ ಮಾತುಗಳಿಂದಲೇ ಕೆಲಸ ನಡೆಸಬಹುದೆ? ಆಯಾ ವಿಷಯ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವ್ಯಾಕರಣಪ್ರಿಯ

ಭಾಷಾವಿಜ್ಞಾನದ ಪ್ರಬಂಧದಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಚಿಹ್ನೆಯನ್ನು ತೆಗೆದರೆ ಅರ್ಥವೇ ಕೆಡುತ್ತದೆ. ಹಾವು ಕಚ್ಚುತ್ತದೆ, ‘ಹಾವು’ ಕಚ್ಚುವುದಿಲ್ಲ, ಅದು ಎರಡಕ್ಷರದ ಪದ. ಹಳಗನ್ನಡದ ‘ಪಾವು’ ಹೊಸಗನ್ನಡದಲ್ಲಿ ‘ಹಾವು’ ಆಯಿತು ಎಂಬ ವಾಕ್ಯದಿಂದ ಚಿಹ್ನೆಗಳನ್ನು ಕಿತ್ತು ಓದಿದರೆ, ಸೇರಿನ ಕಾಲುಭಾಗದ ಅಳತೆಯೊಂದು ಹೆಡೆಯೆತ್ತಿತೆಂದು ಓದುಗನು ತಿಳಿದಾನು. ಪದವನ್ನು ಬಳಸುವುದು ಬೇರೆ, ಪದವನ್ನೇ ತೋರಿಸಿ ಮಾತಾಡುವುದು ಬೇರೆ. ತರ್ಕಶಾಸ್ತ್ರದಲ್ಲಿ 20ನೆಯ ಶತಮಾನದಲ್ಲಿ ಅಮೆರಿಕದ ತತ್ತ್ವಜ್ಞಾನಿ ಕ್ವೈನ್ ಮೊದಲಾದವರು ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಹಟ ಹಿಡಿದರು.

ನಮ್ಮ ಕಡೆಯ ವೈಯಾಕರಣರಿಗೆ ಇದು ಹೊಸದಾಗಿರಲಿಲ್ಲ. ಅಗ್ನಿ ಶಬ್ದಕ್ಕೆ ಒಂದು ಪ್ರತ್ಯಯ ಸೇರಿ ‘ಆಗ್ನೇಯ’ ಆಗುತ್ತದೆಂದು ಪಾಣಿನಿಯ ಸೂತ್ರವೊಂದು ಹೇಳುತ್ತದೆ. ಲೋಕದಲ್ಲಿ “ಹಸುವನ್ನು ತಾ” ಎಂದರೆ ತರುವುದು ಹಸುವನ್ನೇ, ಶಬ್ದವನ್ನಲ್ಲ; ಆ ನ್ಯಾಯವನ್ನೇ ವ್ಯಾಕರಣಕ್ಕೂ ಹಚ್ಚಿದರೆ ಪ್ರತ್ಯಯವನ್ನು ಕೆಂಡಕ್ಕೆ ಅಂಟಿಸಬೇಕಾಗುತ್ತದೆ, ಅದು ಆಗದ ಕೆಲಸ ಎಂದು ಪಾಣಿನಿಯ ವ್ಯಾಕರಣವನ್ನು ಕುರಿತ ಪತಂಜಲಿಯ ಮಹಾಭಾಷ್ಯ ಚರ್ಚಿಸುತ್ತದೆ. ಅದಕ್ಕೇ ಪಾಣಿನಿ ‘ಸ್ವಂ ರೂಪಂ ಶಬ್ದಸ್ಯಾಶಬ್ದಸಂಜ್ಞಾ’ ಎಂದು ಮೊದಲೇ ವಿಧಿಸಿದ್ದಾನೆ: ಈ ಶಾಸ್ತ್ರದಲ್ಲಿ ಶಬ್ದವು ತನ್ನ ರೂಪವನ್ನೇ ಸೂಚಿಸುತ್ತದೆ, ಪಾರಿಭಾಷಿಕ ಸಂಜ್ಞೆಗಳನ್ನು ಬಿಟ್ಟು. ‘ವೃದ್ಧಿ’ ಎಂಬುದು ಅಂಥ ಸಂಜ್ಞೆ. ಅದಕ್ಕೆ ಬೆಳವಣಿಗೆ ಎಂಬ ಅರ್ಥವೂ ಇಲ್ಲಿಲ್ಲ, ಎರಡಕ್ಷರದ ಆ ಪದವೂ ಅಲ್ಲ, ಆ, ಐ, ಔ ಎಂಬ ಮೂರು ಸ್ವರಗಳೇ ಅದು.

ಇದಕ್ಕಿಂತ ಸೊಗಸಾದ ಸಂಗತಿ ನಮ್ಮ ‘ಎಂದು’ವಿನಂಥ ‘ಇತಿ’ ಎಂಬ ಸಂಸ್ಕೃತ ಅವ್ಯಯದ್ದು. ಸಾಮಾನ್ಯ ಮಾತಿನಲ್ಲಿ ಪದದ ಮುಂದೆ ‘ಇತಿ’ ಬಂದರೆ ಅದು ಅರ್ಥವನ್ನು ಬಿಟ್ಟು ಶಬ್ದವನ್ನು ತೋರಿಸುತ್ತದೆ, ಅಂದರೆ ನಮ್ಮ ಒಂಟಿ ಚಿಹ್ನೆಯ ಕೆಲಸವನ್ನೇ ಮಾಡುತ್ತದೆ. ಆದರೆ ‘ನ ವೇತಿ ವಿಭಾಷಾ’ ಎಂಬ ಪಾಣಿನಿಯ ಸೂತ್ರದಲ್ಲಿ ಅದೇ ‘ಇತಿ’ ತಿರುಗುಮುರುಗಾಗುತ್ತದೆ. ಅಲ್ಲಿ ಶಬ್ದರೂಪವೇ ಸಹಜವಾಗಿರುವುದರಿಂದ, ‘ಇತಿ’ ಬಂದು ‘ನ ವಾ’ (ಅಥವಾ ಇಲ್ಲ) ಎಂಬುದರ ಅರ್ಥವನ್ನು ಹಿಡಿಯಬೇಕೆಂದು ಹೇಳುತ್ತದೆ. ಒಂದೇ ಗುರುತು ಶಾಸ್ತ್ರ ಬದಲಾದೊಡನೆ ವಿರುದ್ಧ ಕೆಲಸ ಮಾಡಬಲ್ಲದು. ತಮ್ಮ ನಾಲ್ಕು ಪ್ರಬಂಧಗಳ ತೊಡಕು ಹೊಸದಲ್ಲ.

ಕನ್ನಡಕ್ಕೆ ಬಂದರೆ, ಓಲೆಗರಿಗಳಲ್ಲಿ ಉದ್ಧರಣ ಚಿಹ್ನೆ ಇರಲೇ ಇಲ್ಲ. ಅದು ಅಚ್ಚಿನೊಡನೆ ಬಂದದ್ದು. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದ ಪ್ರತಿ ಸೂತ್ರಕ್ಕೂ ವೃತ್ತಿಯನ್ನು, ಅಂದರೆ ವಿವರಣೆಯನ್ನು, ಬರೆದು, ಅದರ ಕೆಳಗೆ ಹಿಂದಿನ ಕವಿಗಳ ಸಾಲುಗಳನ್ನು ಪ್ರಯೋಗವೆಂದು ಕೊಡುತ್ತಾನೆ. ಅಲ್ಲಿ ಚಿಹ್ನೆಯೂ ಇಲ್ಲ, ಬಹುತೇಕ ಕಡೆ ಕವಿಯ ಹೆಸರೂ ಇಲ್ಲ. ಯಾರ ಮಾರ್ಗವನ್ನು ಲಕ್ಷ್ಯವಾಗಿ ಹಿಡಿದಿದ್ದೇನೆಂದು ಆರಂಭದಲ್ಲೊಮ್ಮೆ ಹೆಸರುಗಳನ್ನು ಹೇಳಿ ಮುಗಿಸುತ್ತಾನೆ. ಅವರಲ್ಲಿ ಗಜಗ, ಗುಣನಂದಿಯಂಥವರ ಕೃತಿಗಳು ಇಂದು ನಮಗೆ ದೊರೆತಿಲ್ಲ. ‘ಎಂದು’, ‘ಎಂಬ’, ‘ಎನೆ’ ಇವೇ ಆಗ ಚಿಹ್ನೆಗಳು. ಆದ್ದರಿಂದ ನನ್ನ ಸಲಹೆ: ಭಾಷಾವಿಜ್ಞಾನದ ಪ್ರಬಂಧದಲ್ಲಿ ಮಾತ್ರ ಚಿಹ್ನೆ ಉಳಿಯಲಿ, ಮಿಕ್ಕ ಕಡೆಯೆಲ್ಲ ‘ಎಂಬ’ ಸಾಕು.

ಉತ್ತರ: ಕಡತದ ಕನ್ನಡಿಗ

ವ್ಯಾಕರಣಪ್ರಿಯರ ಮಾತಿನ ಕೊನೆಯ ವಾಕ್ಯವನ್ನು ಒಪ್ಪಲಾರೆ. ಹಲವು ವರ್ಷ ಕಾಯಿದೆ ಮತ್ತು ಅಧಿಸೂಚನೆಗಳ ಅನುವಾದ ಮಾಡಿದವನಾಗಿ ಹೇಳುತ್ತೇನೆ, ಕಾನೂನಿನಲ್ಲಿ ಚಿಹ್ನೆಯೊಳಗಿನ ಪದ ಅವರು ಹೇಳಿದ ‘ವೃದ್ಧಿ’ಯ ಸಂತತಿ. ನಮ್ಮ ಕಾಯಿದೆಗಳ ಆರಂಭದಲ್ಲಿರುವ ಪರಿಭಾಷೆಯ ಪ್ರಕರಣದಲ್ಲಿ ಪದವನ್ನು ಚಿಹ್ನೆಯೊಳಗಿಟ್ಟು ಅರ್ಥ ನಿಗದಿ ಮಾಡುತ್ತಾರೆ. ಅಲ್ಲಿಂದ ಮುಂದೆ ಕಾಯಿದೆಯ ಮೈಯಲ್ಲೆಲ್ಲ ಅದೇ ಪದ ಚಿಹ್ನೆಯಿಲ್ಲದೆ ಓಡಾಡುತ್ತದೆ, ಆದರೆ ಹೊತ್ತಿರುವುದು ಆ ನಿಗದಿತ ಅರ್ಥವನ್ನೇ. ಸಂದರ್ಭವು ಬೇರೆ ಅರ್ಥವನ್ನು ಬೇಡದ ಹೊರತು, ಎಂಬ ಷರತ್ತು ಸಾಮಾನ್ಯವಾಗಿ ಜೊತೆಗಿರುತ್ತದೆ.

ಚಿಹ್ನೆಯ ಪಕ್ಕದ ಕ್ರಿಯಾಪದಕ್ಕೂ ಅಷ್ಟೇ ತೂಕವಿದೆ. ಇಂಥ ಪದ ‘ಎಂದರೆ’ ಇಂಥದ್ದು ಎಂದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆ. ‘ಒಳಗೊಳ್ಳುತ್ತದೆ’ ಎಂದಿದ್ದರೆ ತೆರೆದಿಟ್ಟಂತೆ. ಸಂವಿಧಾನದ 12ನೆಯ ಅನುಚ್ಛೇದ ‘ರಾಜ್ಯ’ ಎಂಬುದು ಏನೇನನ್ನು ಒಳಗೊಳ್ಳುತ್ತದೆಂದು ಹೇಳುತ್ತದೆಯೇ ಹೊರತು ಅದು ಇಷ್ಟೇ ಎಂದು ಹೇಳುವುದಿಲ್ಲ. ಯಾವ ಯಾವ ನಿಗಮ, ಮಂಡಳಿಗಳು ಅದರೊಳಗೆ ಬರುತ್ತವೆಂದು ನ್ಯಾಯಾಲಯಗಳು ದಶಕಗಳ ಕಾಲ ವಿಚಾರಿಸಲು ಆಸ್ಪದವಾದದ್ದು ಆ ಒಂದು ಕ್ರಿಯಾಪದದಿಂದ. 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲಿ ‘ವ್ಯಕ್ತಿ’ ಎಂಬುದು ಕಂಪನಿಯನ್ನೂ ಸಂಘವನ್ನೂ ಒಳಗೊಳ್ಳುತ್ತದೆ. ಅನುವಾದಕನು ಅವಸರದಲ್ಲಿ ಎರಡಕ್ಕೂ ‘ಅಂದರೆ’ ಎಂದು ಬರೆದುಬಿಟ್ಟರೆ ಕಾನೂನೇ ಬದಲಾದಂತಾಯಿತು.

ಈಗ ‘ಸ್ವತಃ ಸಾಗುವಳಿ’. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ ವ್ಯಾಖ್ಯೆಯಂತೆ, ತನ್ನ ದುಡಿಮೆಯಿಂದ ಇಲ್ಲವೇ ಕುಟುಂಬದವರ ದುಡಿಮೆಯಿಂದ ಬೇಸಾಯ ಮಾಡುವುದು ಮಾತ್ರವಲ್ಲ, ತನ್ನ ಅಥವಾ ಕುಟುಂಬದವರ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದ ಮಾಡಿಸುವುದೂ ಸ್ವತಃ ಸಾಗುವಳಿಯೇ, ಕೂಲಿಯನ್ನು ಬೆಳೆಯ ಪಾಲಾಗಿ ಕೊಡದಿದ್ದರೆ ಸರಿ. ನೇಗಿಲ ಮೇಣಿಯನ್ನು ಜನ್ಮದಲ್ಲಿ ಮುಟ್ಟದವನೂ ಈ ವ್ಯಾಖ್ಯೆಯೊಳಗೆ ಕೂರಬಲ್ಲ. 1974ರ ತಿದ್ದುಪಡಿಯು ಗೇಣಿ ಪದ್ಧತಿಯನ್ನೇ ತೆಗೆದುಹಾಕುವ ಮುನ್ನ, ಸ್ವತಃ ಸಾಗುವಳಿ ಮಾಡಬೇಕೆಂಬ ಕಾರಣ ಕೊಟ್ಟು ಒಡೆಯನು ಗೇಣಿದಾರನಿಂದ ಭೂಮಿ ಮರಳಿ ಪಡೆಯಲು ಅವಕಾಶವಿತ್ತು. ಲೇಖಕರು ಕೊನೆಯಲ್ಲಿ ಹಂಗಿಸುವುದು ಈ ಹಿನ್ನೆಲೆಯಲ್ಲಿರಬೇಕು. ಮೊದಲ ಕಡೆ ಚಿಹ್ನೆ ಇರಲಿ. ನಡುವಿನ ಒಂಬತ್ತು ಕಡೆ ತೆಗೆಯಿರಿ. ಕೊನೆಯ ಕಡೆ ‘ಕಾಯಿದೆಯು ಸ್ವತಃ ಸಾಗುವಳಿಯೆಂದು ಒಪ್ಪಿಕೊಳ್ಳುವ’ ಎಂದು ಬಿಡಿಸಿ ಬರೆಯಿರಿ. ಚುಚ್ಚು ಎಲ್ಲಿಂದ ಬಂತೆಂದು ಓದುಗನಿಗೆ ಆಗ ತಿಳಿಯುತ್ತದೆ.

ಉತ್ತರ: ಹಿಂದಿನ ಬೆಂಚು

ಭೌತವಿಜ್ಞಾನದಲ್ಲಿ ಚಿಹ್ನೆಗೆ ವಯಸ್ಸಿದೆ ಎಂಬುದನ್ನು ಸೇರಿಸುತ್ತೇನೆ. ಹೊಸ ಮಾತು ಮೊದಮೊದಲು ಚಿಹ್ನೆಯೊಳಗೆ ನಿಂತು, ಬಳಕೆಯಾದ ಮೇಲೆ ಹೊರಗೆ ಬರುತ್ತದೆ. ‘ಮಹಾಸ್ಫೋಟ’ ಎಂದು ನಾವು ಕನ್ನಡಿಸಿರುವ ಮಾತನ್ನು 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಆಡಿದ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ವಿಶ್ವದ ಹುಟ್ಟನ್ನು ಕುರಿತ ಆ ಸಿದ್ಧಾಂತದ ಎದುರಾಳಿ. ಎದುರಾಳಿಯ ಬಾಯಲ್ಲಿ ಹುಟ್ಟಿದ ಮಾತು ಸಿದ್ಧಾಂತದ ಹೆಸರೇ ಆಯಿತು. ಹಾಯ್ಲ್ ಅವರ ಭಾಷಣವನ್ನು ಹೇಳುವ ವಾಕ್ಯದಲ್ಲಿ ಚಿಹ್ನೆ ಬೇಕು, ಅದು ಅವರ ಮಾತು. ಮಹಾಸ್ಫೋಟದ ನಂತರ ವಿಶ್ವ ತಣ್ಣಗಾದ ಬಗೆಯನ್ನು ವಿವರಿಸುವ ಪುಟಗಳಲ್ಲಿ ಚಿಹ್ನೆ ಹಾಕಿದರೆ, ಆ ಸಿದ್ಧಾಂತದಲ್ಲಿ ಲೇಖಕರಿಗೇ ನಂಬಿಕೆಯಿಲ್ಲವೇನೋ ಎಂಬ ಗುಮಾನಿ ಬರುತ್ತದೆ.

ಪ್ರಬಂಧದಲ್ಲಿ ಕ್ವಾರ್ಕ್‌ಗಳ (ಪ್ರೋಟಾನಿನಂಥ ಕಣಗಳೊಳಗಿನ ಮೂಲಕಣಗಳ) ‘ಬಣ್ಣ’ದ ಪ್ರಸ್ತಾಪವಿದ್ದರೆ ಮಾತ್ರ ಎಚ್ಚರವಿರಲಿ. ಕೆಂಪು, ಹಸಿರು, ನೀಲಿ ಎಂಬ ಆ ಮೂರಕ್ಕೂ ಕಣ್ಣಿಗೆ ಕಾಣುವ ಬಣ್ಣಕ್ಕೂ ಸಂಬಂಧವಿಲ್ಲ. ಬಿಎಸ್ಸಿ ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಅವನ್ನು ಬಣ್ಣದ ಗೋಲಿಗಳೆಂದೇ ಊಹಿಸಿಕೊಂಡಿರುತ್ತಾನೆ. ಅಲ್ಲಿ ಮೂಲದಲ್ಲಿ ಚಿಹ್ನೆ ಇಲ್ಲದಿದ್ದರೂ ಮೊದಲ ಸಲ ಹಾಕಿ.

ಉತ್ತರ: ರಾತ್ರಿ ಪಾಳಿ

ಪತ್ರಿಕೆಯ ಡೆಸ್ಕಿನಲ್ಲಿ ಈ ಚಿಹ್ನೆಯನ್ನು ನಾವು ಹೊಣೆ ಜಾರಿಸಲು ಬಳಸುತ್ತೇವೆ ಎಂದು ಒಪ್ಪಿಕೊಳ್ಳಬೇಕು. ತಲೆಬರಹದಲ್ಲಿ ಜಾಗವಿಲ್ಲದಾಗ ‘ಎಂದು ಆರೋಪಿಸಿದರು’ ಎಂಬುದನ್ನು ಎರಡು ಒಂಟಿ ಗೆರೆಗಳೊಳಗೆ ಮಡಚಿಡುತ್ತೇವೆ. ಇನ್ನೊಬ್ಬರ ಮಾತನ್ನು ಉದ್ಧರಿಸಿದ್ದೇನೆ ಎಂಬುದಷ್ಟೇ ಮಾನಹಾನಿಯ ಹೊಣೆಯಿಂದ ಯಾರನ್ನೂ ಪಾರುಮಾಡುವುದಿಲ್ಲ. ಆದರೂ ಚಿಹ್ನೆ ಹಾಕಿದೊಡನೆ ಕೈ ತೊಳೆದುಕೊಂಡ ಸಮಾಧಾನ ಎಂಥದೋ ಬರುತ್ತದೆ.

ಎಲ್ಲ ಕಡೆ ‘ಎಂಬ’ ಸಾಕೆಂಬ ಮಾತಿಗೆ ನನ್ನದೂ ಒಂದು ಆಕ್ಷೇಪವಿದೆ. “ಆಯುಕ್ತರು ನಾನು ಆ ಕಡತ ನೋಡಿಲ್ಲ ಎಂದರು ಎಂದು ಸದಸ್ಯರು ತಿಳಿಸಿದರು.” ಇಲ್ಲಿ ಕಡತ ನೋಡದವರು ಆಯುಕ್ತರೋ ಸದಸ್ಯರೋ? ಕನ್ನಡದ ‘ಎಂದು’ ಮಾತನ್ನು ನೇರವಾಗಿಯೇ ಹೊತ್ತು ತರುತ್ತದೆ, ಸರ್ವನಾಮವನ್ನು ಬದಲಿಸುವುದಿಲ್ಲ. ಹೀಗಾಗಿ ಮಾತು ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ, ಎಲ್ಲಿ ಆರಂಭವಾಯಿತೆಂದು ಗೊತ್ತಾಗುವುದಿಲ್ಲ. ‘ನಾನು’ ಬದಲು ‘ತಾವು’ ಎಂದರೂ ಅರ್ಧ ಗೊಂದಲ ಉಳಿಯುತ್ತದೆ. ತೆರೆಯುವ ಗೆರೆ ಬೇಕಾಗುವುದು ಇಲ್ಲಿ. ಇನ್ನು ಒತ್ತು ಕೊಡಲು ಹಾಕುವ ಚಿಹ್ನೆಯನ್ನು ಕಂಡಲ್ಲಿ ಅಳಿಸಿ. ಹೋಟೆಲಿನ ಫಲಕದಲ್ಲಿ ‘ಶುದ್ಧ’ ಸಸ್ಯಾಹಾರಿ ಎಂದು ಕಂಡರೆ ನಾನು ಒಳಗೆ ಕಾಲಿಡುವುದಿಲ್ಲ.

ಉತ್ತರ: ಓಪಿಡಿ ಕೋಣೆ

ಮನೋವೈದ್ಯಕೀಯದ ಪ್ರಬಂಧವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರೋಗಿಯ ಮನೋಸ್ಥಿತಿಯನ್ನು ದಾಖಲಿಸುವಾಗ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಬರೆಯುವುದು ನಮ್ಮ ರೂಢಿ. ತನ್ನ ಮನಸ್ಸು ಹೇಗಿದೆಯೆಂದು ರೋಗಿ ಹೇಳಿಕೊಂಡದ್ದನ್ನು ಅವರ ಮಾತಿನಲ್ಲೇ ಚಿಹ್ನೆಯೊಳಗೆ ಬರೆಯುತ್ತೇವೆ. ಅವರ ಮುಖ, ಸ್ವರ, ಹಾವಭಾವಗಳಲ್ಲಿ ನಮಗೆ ಕಂಡದ್ದನ್ನು ಚಿಹ್ನೆಯಿಲ್ಲದೆ ಬರೆಯುತ್ತೇವೆ. “ಆರಾಮಿದ್ದೀನಿ” ಎಂದು ಹೇಳುತ್ತಲೇ ಕಣ್ಣೀರು ಒರೆಸಿಕೊಳ್ಳುವವರಿದ್ದಾರೆ. ಆ ಎರಡರ ಅಂತರವೇ ರೋಗನಿರ್ಣಯಕ್ಕೆ ದಾರಿಯಾಗಬಹುದು. ಆದ್ದರಿಂದ ಇಲ್ಲಿನ ಚಿಹ್ನೆಯಲ್ಲಿ ವ್ಯಂಗ್ಯವೂ ಇಲ್ಲ, ಅನುಮಾನವೂ ಇಲ್ಲ, ವ್ಯಾಖ್ಯೆಯೂ ಇಲ್ಲ. ಅದು ಬರಿಯ ಸಾಕ್ಷ್ಯ. ಅದನ್ನು ತೆಗೆದು ‘ರೋಗಿಯು ಆರಾಮವಾಗಿದ್ದಾರೆ’ ಎಂದು ಬರೆದರೆ ದಾಖಲೆ ಸುಳ್ಳಾಗುತ್ತದೆ.

ತೊಡಕಿರುವುದು ಬೇರೆಡೆ. ನಮ್ಮಲ್ಲಿ ರೋಗಿ ಮಾತಾಡುವುದು ಕನ್ನಡದಲ್ಲಿ, ಕಡತ ಬರೆಯುವುದು ಇಂಗ್ಲಿಷಿನಲ್ಲಿ. “ಜೀವ ಚಡಪಡಿಸ್ತದೆ” ಎಂದದ್ದು ಇಂಗ್ಲಿಷಿನ ‘ಆತಂಕ’ವಾಗಿ ಚಿಹ್ನೆಯೊಳಗೆ ಹೋಗಿ ಕೂರುತ್ತದೆ, ರೋಗಿ ಅದನ್ನೇ ಹೇಳಿದರೆಂಬಂತೆ. ತಮ್ಮ ಪ್ರಬಂಧದ ಅನುವಾದಕರು ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತರುವಾಗ ಹಳ್ಳಿಯ ಸೊಗಡು ಸೇರಿಸಿ “ಜೀವ ತಳಮಳ ಅಂತೈತಿ” ಎಂದು ಕಟ್ಟಿದ್ದರೆ, ದಯವಿಟ್ಟು ತೆಗೆಸಿ. ಯಾರೂ ಆಡದ ಮಾತನ್ನು ಸಾಕ್ಷ್ಯದ ಚಿಹ್ನೆಯೊಳಗೆ ಇಡಬಾರದು.

ಕರಡುತಿದ್ದುವವಳು

ಎಲ್ಲರಿಗೂ ಕೃತಜ್ಞತೆಗಳು. ಓಪಿಡಿ ಕೋಣೆಯವರ ಊಹೆ ನಿಜವಾಗಿದೆ. ಅಂಥ ಮೂರು ವಾಕ್ಯಗಳು ಕರಡಿನಲ್ಲಿವೆ, ಅವನ್ನು ಅನುವಾದಕರೊಡನೆ ಮಾತಾಡಿ ಪರೋಕ್ಷ ರೂಪಕ್ಕೆ ತಿರುಗಿಸುತ್ತೇನೆ. ನಾಲ್ಕು ಪ್ರಬಂಧಗಳಿಗೂ ಒಂದೇ ನಿಯಮ ಬರೆಯುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಭಾಷಾವಿಜ್ಞಾನದಲ್ಲಿ ಒಂಟಿ ಚಿಹ್ನೆ ಪದದ ರೂಪಕ್ಕೆ ಮಾತ್ರ ಮೀಸಲಾಗಲಿ, ಪದದ ಅರ್ಥವನ್ನು ‘ಎಂದರೆ’ ಹಾಕಿ ಬಿಡಿಸೋಣ ಎಂದುಕೊಂಡಿದ್ದೇನೆ. ಭೂಸುಧಾರಣೆಯ ಪ್ರಬಂಧದಲ್ಲಿ ಒಂಬತ್ತು ಚಿಹ್ನೆಗಳು ಈಗಾಗಲೇ ಹೋದವು.

ವ್ಯಾಕರಣಪ್ರಿಯ

ರಾತ್ರಿ ಪಾಳಿಯವರ ‘ತೆರೆಯುವ ಗೆರೆ’ಯ ವಾದವನ್ನು ಒಪ್ಪುತ್ತೇನೆ, ನನ್ನ ಸಲಹೆ ಅತಿಯಾಗಿತ್ತು. ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಮಾತಿನ ಆರಂಭ ಯಾವ ಪದದಿಂದ ಎಂದು ಇಂದಿಗೂ ಚರ್ಚಿಸಬೇಕಾಗುವುದು ಇದೇ ಕಾರಣಕ್ಕೆ. ಕಡತದ ಕನ್ನಡಿಗರಲ್ಲಿ ಒಂದು ಪ್ರಶ್ನೆ: ಪ್ರಬಂಧದ ಹತ್ತನೆಯ ಪುಟ ತಲುಪುವ ಹೊತ್ತಿಗೆ ಓದುಗನಿಗೆ ವ್ಯಾಖ್ಯೆ ಮರೆತಿದ್ದರೆ, ಚಿಹ್ನೆಯಿಲ್ಲದ ಸ್ವತಃ ಸಾಗುವಳಿಯನ್ನು ಅವನು ಸಾಮಾನ್ಯ ಅರ್ಥದಲ್ಲೇ ಓದುವುದಿಲ್ಲವೇ?

ಕಡತದ ಕನ್ನಡಿಗ

ಓದುತ್ತಾನೆ. ಕಾಯಿದೆಯನ್ನು ಓದುವಾಗಲೂ ಜನ ಹಾಗೆಯೇ ಓದುತ್ತಾರೆ, ಮತ್ತೆ ವಕೀಲರ ಬಳಿಗೆ ಬರುತ್ತಾರೆ. ಪ್ರಬಂಧಕ್ಕಾದರೆ ಹತ್ತನೆಯ ಪುಟದಲ್ಲಿ ‘ಕಾಯಿದೆಯ ಅರ್ಥದಲ್ಲಿ’ ಎಂದು ಎರಡು ಪದ ಸೇರಿಸಿದರೆ ಆಯಿತು.