ಏರಿನಲ್ಲಿ ಹಿಂದಿನ ಚಕ್ರ ಜಾರುತ್ತದೆ, ಇಳಿಜಾರಿನಲ್ಲಿ ಮುಂದಿನದು. ಎಂಟಿಬಿ (ಬೆಟ್ಟ, ಮಣ್ಣುದಾರಿಯ ಸೈಕಲ್) ಬದಲಾಯಿಸಬೇಕಾ?

ಮೂಡಿಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಎಂಟಿಬಿ ತಗೊಂಡೆ. ಮುಂದೆ ಮಾತ್ರ ಸಸ್ಪೆನ್ಷನ್, 100 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು). 29 ಇಂಚಿನ ಚಕ್ರ, 2.2 ಇಂಚು ದಪ್ಪದ ಟೈರು, ಒಳಗೆ ಟ್ಯೂಬ್ ಇದೆ. ಗೇರು ಮುಂದೆ 3, ಹಿಂದೆ 8. ಬ್ರೇಕು ಹೈಡ್ರಾಲಿಕ್ ಡಿಸ್ಕ್. ನನ್ನ ತೂಕ 72 ಕೆ.ಜಿ., ಎತ್ತರ 5 ಅಡಿ 8 ಇಂಚು.

ನಾನು ಓಡಿಸುವ ದಾರಿ ಒಂದೇ ತರದ್ದಲ್ಲ. ಮನೆಯಿಂದ 9 ಕಿ.ಮೀ. ಟಾರು ರಸ್ತೆ. ಆಮೇಲೆ ಕಾಫಿ ತೋಟದ ಮಣ್ಣುದಾರಿ. ಜೀಪು ಓಡಾಡಿ ಎರಡು ಗಾಲಿಜಾಡು ಬಿದ್ದಿದೆ, ನಡುವೆ ಹುಲ್ಲು. ಕೊನೆಗೆ ಒಂದು ಕಡಿದಾದ ಏರು, ಮೇಲೆಲ್ಲ ಸಡಿಲ ಜಲ್ಲಿ. ಭಾನುವಾರ ಬಿಡುವಾದರೆ ದೇವರಮನೆ ಕಡೆ ಹೋಗುತ್ತೇನೆ.

ಈಗ ತೊಂದರೆ ಹೇಳುತ್ತೇನೆ. ಆ ಏರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ, ಕಾಲು ಕೆಳಗಿಡಲೇಬೇಕು. ಇಳಿಯುವಾಗ ತಿರುವಿನಲ್ಲಿ ಮುಂದಿನ ಚಕ್ರ ಹೊರಕ್ಕೆ ಜಾರುತ್ತದೆ. ಎರಡು ಸಲ ಬಿದ್ದಿದ್ದೇನೆ, ಮೊಣಕೈ ಇನ್ನೂ ಮಾಗಿಲ್ಲ. ಒಂದು ಗಂಟೆ ಓಡಿಸಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಹಿಂದಿನ ಬ್ರೇಕು ಹಿಡಿದರೆ ಪಕ್ಕದ ತೋಟದವರು ತಿರುಗಿ ನೋಡುವಷ್ಟು ಕಿರುಚುತ್ತದೆ. ಯಾರೋ ಗಾಳಿ ಕಡಿಮೆ ಮಾಡು ಅಂದರು. ಹಿಂದಿನ ಟೈರು ಬೆರಳಲ್ಲಿ ಒತ್ತಿ ನೋಡಿ ಸ್ವಲ್ಪ ಬಿಟ್ಟೆ. ಮಾರನೇ ದಿನವೇ ಮೋರಿಯ ಅಂಚಿಗೆ ಬಡಿದು ಹಿಂದಿನ ಟೈರು ಪಂಕ್ಚರ್.

ಅಂಗಡಿಯವರು "ನಿಮ್ಮ ದಾರಿಗೆ ಹಿಂದೆಯೂ ಸಸ್ಪೆನ್ಷನ್ ಇರುವುದೇ ಬೇಕು" ಅನ್ನುತ್ತಾರೆ. ಇದನ್ನು ಮಾರಿ ಇನ್ನೂ ಅಷ್ಟೇ ದುಡ್ಡು ಹಾಕಬೇಕಾಗುತ್ತದೆ. ಏನು ಮಾಡಲಿ?

ಸಕಲೇಶಪುರದಿಂದ ಉತ್ತರ

ಸರ್, ಮಾರಬೇಡಿ. ನಿಮ್ಮದು ನನ್ನಂಥದ್ದೇ ದಾರಿ. ಹನ್ನೊಂದು ವರ್ಷದಿಂದ ಇಂಥದೇ ಸೈಕಲ್‌ನಲ್ಲಿ ತೋಟದ ದಾರಿ ಸುತ್ತುತ್ತಿದ್ದೇನೆ. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ತೊಂದರೆ ಸೈಕಲ್‌ದಲ್ಲ, ಅದನ್ನು ಹೊಂದಿಸಿದ ರೀತಿಯದು. ಮೊದಲು ನಾಲ್ಕು ವಿಷಯ ನೋಡಿ ಹೇಳಿ.

ಗಾಳಿ ಎಷ್ಟಿತ್ತು? ಬೆರಳಿನ ಲೆಕ್ಕ ಬೇಡ, ಗೇಜಿನಲ್ಲಿ ನೋಡಿದ ಅಂಕಿ ಬೇಕು. ಪಂಕ್ಚರ್ ಆದ ಟ್ಯೂಬ್ ಬಿಸಾಡಿಲ್ಲ ಅಲ್ವಾ? ಅದರಲ್ಲಿ ತೂತು ಒಂದಿದೆಯೋ ಎರಡೋ? ಫೋರ್ಕಿನ ತಲೆಯ ಮೇಲೆ ಎರಡು ತಿರುಗಣೆ ಇರುತ್ತವೆ, ಅವು ಯಾವ ಕಡೆಗೆ ತಿರುಗಿವೆ? ಆ ಏರು ಯಾವ ಗೇರಿನಲ್ಲಿ, ಕೂತು ಹತ್ತುತ್ತೀರೋ ಎದ್ದು ನಿಂತೋ?

ಮೂಡಿಗೆರೆ

ಗೆಳೆಯರ ಹತ್ತಿರ ಗೇಜು ಇರುವ ಪಂಪು ಇಸ್ಕೊಂಡು ನೋಡಿದೆ. ಮುಂದಿನ ಟೈರಿನಲ್ಲಿ 58 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದೆ! ಅಂಗಡಿಯಲ್ಲಿ ಹಾಕಿಸಿದ್ದೇ ಇದು. ಟ್ಯೂಬಿನಲ್ಲಿ ಎರಡು ತೂತು, ಅಕ್ಕಪಕ್ಕ, ನಡುವೆ ಒಂದು ಬೆರಳಿನಷ್ಟು ಅಂತರ. ಫೋರ್ಕಿನ ಎಡಗಡೆ ತಿರುಗಣೆ ಪೂರ್ತಿ ಬಿಗಿಯಾಗಿದೆ. ಬಲಗಡೆಯದು "ಲಾಕ್" ಅಂತ ಬರೆದಿರುವ ಕಡೆಗೇ ಇದೆ. ಅದು ಏನು ಅಂತ ಯಾರೂ ಹೇಳಿರಲಿಲ್ಲ. ಏರು ಮುಂದಿನ ಮೂರರಲ್ಲಿ ನಡುವಿನ ಹಲ್ಲುಚಕ್ರದಲ್ಲಿ, ಎದ್ದು ನಿಂತು ತುಳಿಯುತ್ತೇನೆ.

ಸಕಲೇಶಪುರ

ಸರಿ, ಕಾರಣ ಸಿಕ್ಕಿತು. ಆರು ತಿಂಗಳು ನೀವು ಸಸ್ಪೆನ್ಷನ್ ಇಲ್ಲದ ಸೈಕಲ್ ಓಡಿಸಿದ್ದೀರಿ. ಲಾಕ್ ಹಾಕಿದರೆ ಫೋರ್ಕು ಕೂರುವುದೇ ಇಲ್ಲ. ಅದು ಟಾರಿನ ಏರಿಗೆ ಮಾತ್ರ. ಮಣ್ಣಿಗೆ ಇಳಿಯುವ ಮುಂಚೆ ತೆಗೆಯಬೇಕು.

ಮೊದಲು ಗಾಳಿ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ದೊಡ್ಡ ಅಂಕಿ ಅಂದರೆ ಅದರ ಮಿತಿ, ಅಷ್ಟು ತುಂಬಿಸಿ ಅಂತ ಅರ್ಥ ಅಲ್ಲ. 58ರಲ್ಲಿ ಟೈರು ಕಲ್ಲಿನ ಹಾಗೆ ಗಟ್ಟಿ. ಜಲ್ಲಿಯ ಮೇಲೆ ಅದು ಬಗ್ಗುವುದಿಲ್ಲ, ಪುಟಿಯುತ್ತದೆ. ನೆಲ ಮುಟ್ಟುವುದು ನಡುವಿನ ಒಂದೆರಡು ಸಾಲು ಗುಬುಟು (ಟೈರಿನ ಮೇಲಿನ ಉಬ್ಬು) ಮಾತ್ರ. ತಿರುವಿನಲ್ಲಿ ಹಿಡಿಯಬೇಕಾದ ಪಕ್ಕದ ಗುಬುಟುಗಳಿಗೆ ಕೆಲಸವೇ ಇಲ್ಲ. ನಿಮ್ಮ ತೂಕಕ್ಕೆ, ಟ್ಯೂಬ್ ಹಾಕಿದ 2.2 ಟೈರಿಗೆ ಹಿಂದೆ 32, ಮುಂದೆ 28ರಿಂದ ಶುರು ಮಾಡಿ. ಹಿಂದೆ ತೂಕ ಜಾಸ್ತಿ ಬೀಳುತ್ತದೆ, ಅದಕ್ಕೆ ಗಾಳಿಯೂ ಜಾಸ್ತಿ. ಒಂದೊಂದೇ ಪಿಎಸ್‌ಐ ಇಳಿಸುತ್ತಾ ಹೋಗಿ. ರಿಮ್ಮು ಕಲ್ಲಿಗೆ ಟಕ್ ಅಂತ ಬಡಿದ ಸದ್ದು ಬಂದರೆ ಎರಡು ಏರಿಸಿ, ಅಲ್ಲಿಗೆ ನಿಲ್ಲಿಸಿ.

ಆ ಎರಡು ತೂತಿಗೆ ಹಾವು ಕಚ್ಚಿದ ಪಂಕ್ಚರ್ ಅನ್ನುತ್ತಾರೆ. ಟೈರು ಪೂರ್ತಿ ಅಮುಕಿ, ಟ್ಯೂಬು ಮೋರಿಯ ಅಂಚು ಮತ್ತು ರಿಮ್ಮಿನ ಎರಡು ತುಟಿಗಳ ನಡುವೆ ಸಿಕ್ಕಿ ಕತ್ತರಿಸಿದೆ. ಮುಳ್ಳು ಚುಚ್ಚಿದ್ದರೆ ತೂತು ಒಂದೇ ಇರುತ್ತಿತ್ತು. ಅಂದರೆ ನೀವು ಬೆರಳಲ್ಲಿ ಒತ್ತಿ ಬಿಟ್ಟದ್ದು ಅತಿಯಾಯಿತು. ಹೆಬ್ಬೆರಳಿಗೆ 25ಕ್ಕೂ 35ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದಯವಿಟ್ಟು ಗೇಜಿರುವ ಪಂಪು ತಗೊಳ್ಳಿ. ಈ ಸೈಕಲ್‌ಗೆ ನೀವು ಹಾಕುವ ದುಡ್ಡಲ್ಲಿ ಅದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಆಮೇಲೆ ಫೋರ್ಕು. ಲಾಕ್ ತೆಗೆಯಿರಿ. ಎಡಗಡೆ ತಿರುಗಣೆ ಪೂರ್ತಿ ಸಡಿಲ ಮಾಡಿ. ಫೋರ್ಕಿನ ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿ, ಕೆಳಗಿನ ಸೀಲಿನವರೆಗೆ ತಳ್ಳಿ. ಬೆನ್ನಿಗೆ ಬ್ಯಾಗು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಸೈಕಲ್ ಹತ್ತಿ. ಕುಕ್ಕರಿಸಬೇಡಿ. ಹಾಗೇ ಇಳಿದು, ಟೈ ಎಷ್ಟು ಮೇಲೆ ಹೋಗಿದೆ ಅಂತ ಸ್ಕೇಲಿನಲ್ಲಿ ಅಳೆಯಿರಿ. 100 ಮಿ.ಮೀ. ಫೋರ್ಕಿಗೆ 20 ಮಿ.ಮೀ. ಆಸುಪಾಸು ಬಂದರೆ ಸರಿ. ಚಕ್ರ ಗುಂಡಿಗೆ ಇಳಿದಾಗ ಫೋರ್ಕು ಕೆಳಕ್ಕೆ ಚಾಚಿ ನೆಲ ಬಿಡದೆ ಇರಬೇಕಾದರೆ ಈ 20 ಮಿ.ಮೀ. ಬೇಕೇ ಬೇಕು. ಒಂದು ಮಾತು ನೆನಪಿಡಿ: ಆ ತಿರುಗಣೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಬೇಕು ಅನ್ನುವುದನ್ನು ಮಾತ್ರ ಬದಲಾಯಿಸುತ್ತದೆ. ಸ್ಪ್ರಿಂಗು ಅದರಿಂದ ಮೆತ್ತಗೆ ಆಗುವುದಿಲ್ಲ. ಪೂರ್ತಿ ಸಡಿಲಿಸಿದರೂ 10 ಮಿ.ಮೀ. ದಾಟದಿದ್ದರೆ ಮೆತ್ತನೆ ಸ್ಪ್ರಿಂಗು ಹಾಕಿಸಬೇಕು.

ಗೇರಿನ ಲೆಕ್ಕ ನೋಡಿ. ಮುಂದೆ ಸಣ್ಣದು 22 ಹಲ್ಲು, ಹಿಂದೆ ದೊಡ್ಡದು 34 ಇರಬೇಕು, ಎಣಿಸಿ ನೋಡಿ. ಅದರಲ್ಲಿ ಪೆಡಲು ಒಂದು ಸುತ್ತು ಬಂದರೆ ಸೈಕಲ್ ಹೆಚ್ಚುಕಮ್ಮಿ ಒಂದೂವರೆ ಮೀಟರ್ ಮುಂದೆ ಹೋಗುತ್ತದೆ. ನಡೆದ ಹಾಗೆ. ಅದೇ ಈ ಏರಿನ ಗೇರು. ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ತೂಕ ಮುಂದಕ್ಕೆ ಹೋಗುತ್ತದೆ, ಚಕ್ರ ಜಾರದೆ ಇನ್ನೇನು ಮಾಡುತ್ತದೆ? ಸೀಟಿನ ಮೂತಿಗೆ ಸರಿದು ಕೂತು, ಮೊಣಕೈ ಮಡಚಿ, ಎದೆ ಹ್ಯಾಂಡಲ್ ಕಡೆ ಬಗ್ಗಿಸಿ, ಒಂದೇ ಸಮ ತುಳಿಯಿರಿ. ಏರು ಶುರುವಾಗುವ ಮುಂಚೆಯೇ ಗೇರು ಇಳಿಸಿ. ಹತ್ತುತ್ತಾ ಒತ್ತಡದಲ್ಲಿ ಇಳಿಸಿದರೆ ಚೈನು ಬೀಳುತ್ತದೆ, ಕೆಲವು ಸಲ ತುಂಡೇ ಆಗುತ್ತದೆ.

ಶಿರಸಿಯಿಂದ

ಕೈ ಜೋಮಿನ ಬಗ್ಗೆ ನಾನು ಹೇಳುತ್ತೇನೆ, ಇದನ್ನು ಎರಡು ವರ್ಷ ಅನುಭವಿಸಿದ್ದೇನೆ. ಕಿರುಬೆರಳು, ಉಂಗುರದ ಬೆರಳು ಎರಡೇ ಜೋಮು ಹಿಡಿದರೆ ಅಂಗೈಯ ಹೊರ ಅಂಚಿನಲ್ಲಿ ಹೋಗುವ ನರ ಅದುಮಿದೆ ಅಂತ ಅರ್ಥ. ಮೊದಲು ಸೀಟು ನೋಡಿ. ಅದರ ಮೂತಿ ಕೆಳಕ್ಕೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ, ಎಲ್ಲ ಭಾರ ಕೈ ಮೇಲೆ ಬೀಳುತ್ತದೆ. ನನ್ನದು ಹಾಗೇ ಆಗಿತ್ತು. ಸೀಟಿನ ಮೇಲೆ ಹಲಗೆ ಇಟ್ಟು ಸಮ ಮಾಡಿಕೊಂಡೆ, ಅರ್ಧ ಜೋಮು ಅವತ್ತೇ ಹೋಯಿತು.

ಎತ್ತರಕ್ಕೆ ಸುಲಭ ಅಳತೆ: ಚಪ್ಪಲಿ ಇಲ್ಲದೆ ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೆಡಲು ಕೆಳಗೆ ತನ್ನಿ. ಕಾಲು ನೆಟ್ಟಗಾಗಬೇಕು, ಸೊಂಟ ಓಲಾಡಬಾರದು. ಇದು ತುಳಿಯುವ ಎತ್ತರ. ಕಡಿದಾದ ಇಳಿಜಾರಿಗೆ ಸೀಟು ನಾಲ್ಕೈದು ಸೆಂ.ಮೀ. ಇಳಿಸಿಕೊಳ್ಳಿ, ಮೈ ಆಡಿಸಲು ಜಾಗ ಸಿಗುತ್ತದೆ. ಸೀಟಿನ ಕೊಳವೆಗೆ ಎರಡು ಗುರುತು ಹಾಕಿಕೊಂಡರೆ ಪ್ರತಿ ಸಲ ಅಳೆಯುವ ಕಷ್ಟ ಇಲ್ಲ.

ಬ್ರೇಕಿನ ಹಿಡಿಯೂ ನೋಡಿ ಅಣ್ಣಾ. ತೋಳಿನಿಂದ ಬೆರಳಿನ ತುದಿವರೆಗೆ ಒಂದೇ ಗೆರೆಯಲ್ಲಿ ಬರಬೇಕು. ಮಣಿಕಟ್ಟು ಮೇಲಕ್ಕೆ ಮುರಿದ ಹಾಗೆ ಇರಬಾರದು.

ಮೂಡಿಗೆರೆ: ಎರಡು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಂದೆ 31, ಮುಂದೆ 27ಕ್ಕೆ ನಿಲ್ಲಿಸಿದ್ದೇನೆ. ಫೋರ್ಕಿನ ಟೈ 18 ಮಿ.ಮೀ. ತೋರಿಸಿತು. ಮೊನ್ನೆ ಆ ಏರು ಕಾಲು ಕೆಳಗಿಡದೆ ಹತ್ತಿದೆ! ಮೇಲೆ ಹೋಗಿ ಸುಮ್ನೆ ನಿಂತು ಕೆಳಗೆ ನೋಡುತ್ತಿದ್ದೆ, ನಂಬಲಿಕ್ಕೇ ಆಗಲಿಲ್ಲ. ಕೈ ಜೋಮು ಬಹಳ ಕಡಿಮೆಯಾಗಿದೆ. ಸೀಟಿನ ಮೂತಿ ನಿಜಕ್ಕೂ ಕೆಳಗಿತ್ತು.

ಬ್ರೇಕು ಮಾತ್ರ ಹಾಗೇ ಕಿರುಚುತ್ತಿದೆ. ಹಿಡಿತವೂ ಕಡಿಮೆ ಅನ್ನಿಸುತ್ತದೆ. ಚಾರ್ಮಾಡಿ ಘಾಟಿ ಇಳಿಯಬೇಕು ಅಂತ ಆಸೆ, ಈ ಬ್ರೇಕಿನಲ್ಲಿ ಧೈರ್ಯ ಇಲ್ಲ.

ಸಕಲೇಶಪುರ

ಧೈರ್ಯ ಮಾಡಲೂ ಬೇಡಿ. ಚೈನಿಗೆ ಎಣ್ಣೆ ಹೇಗೆ ಹಾಕುತ್ತೀರಿ? ಸ್ಪ್ರೇ ಹೊಡೆಯುತ್ತೀರಾ?

ಮೂಡಿಗೆರೆ

ಹೌದು ಸರ್, ಸ್ಪ್ರೇ. ಸೈಕಲ್ ತೊಳೆದಾಗಲೆಲ್ಲ.

ಸಕಲೇಶಪುರ

ಅದೇ ಕಾರಣ. ಸ್ಪ್ರೇ ಹೊಡೆದಾಗ ತುಂತುರು ಪಕ್ಕದ ಡಿಸ್ಕಿಗೂ ಕೂರುತ್ತದೆ. ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡು ಎಣ್ಣೆ ಕುಡಿದರೆ ಕಿರುಚುತ್ತದೆ, ಹಿಡಿಯುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ಹೊಸ ಬಟ್ಟೆಯಿಂದ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ. ಪ್ಯಾಡಿನ ಮೇಲ್ಮೈಯನ್ನು ಮರಳು ಕಾಗದದಲ್ಲಿ ಸ್ವಲ್ಪ ಉಜ್ಜಿ ನೋಡಿ. ಎಣ್ಣೆ ಒಳಗಿಳಿದಿದ್ದರೆ ಪ್ಯಾಡೇ ಬದಲಾಯಿಸಿ, ಅದರಲ್ಲಿ ಜಿಪುಣತನ ಬೇಡ. ಚಕ್ರ ಬಿಚ್ಚಿದಾಗ ಬ್ರೇಕಿನ ಹಿಡಿ ಒತ್ತಬೇಡಿ, ಪಿಸ್ಟನ್ ಹೊರಗೆ ಬಂದು ಕೂತುಬಿಡುತ್ತದೆ.

ಹೊಸ ಪ್ಯಾಡನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಹೋಗಿ, ನಡೆಯುವ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಬಿಡಿ. ಹೀಗೆ ಇಪ್ಪತ್ತು ಸಲ. ಆಮೇಲೆ ಹಿಡಿತ ನೋಡಿ, ಬೇರೆಯೇ ಬ್ರೇಕು ಅನ್ನಿಸುತ್ತದೆ. ಚೈನಿಗೆ ಇನ್ನು ಮುಂದೆ ಹನಿ ಎಣ್ಣೆ. ಒಂದೊಂದು ಕೊಂಡಿಗೆ ಒಂದೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ.

ಘಾಟಿಯಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿಯಬೇಡಿ. ತಿರುವಿನ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ನಡುವೆ ತಣ್ಣಗಾಗಲು ಬಿಡುವು ಸಿಗುತ್ತದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಕೆಲವರು ಹಳೇ ದಪ್ಪ ಟೈರಿನ ಸೈಕಲ್‌ನಲ್ಲಿ ಬೆಟ್ಟ ಇಳಿಯುವ ಪಂದ್ಯ ಶುರು ಮಾಡಿದರು. ಅವರ ಬ್ರೇಕು ಹಿಂದಿನ ಹಬ್ಬಿನ (ಚಕ್ರದ ನಡುವಿನ ಗುಂಬ) ಒಳಗಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು, ಬಿಚ್ಚಿ ಮತ್ತೆ ತುಂಬಬೇಕಿತ್ತು. ಆ ಇಳಿಜಾರಿಗೆ "ರೀಪ್ಯಾಕ್" ಅನ್ನುವ ಹೆಸರು ಬಂದದ್ದೇ ಹೀಗೆ. ನಮ್ಮ ಎಂಟಿಬಿ ಬೆಳೆದು ಬಂದದ್ದು ಅಲ್ಲಿಂದ. ಡಿಸ್ಕು ಎಷ್ಟೋ ಮೇಲು, ಆದರೂ ಬಿಸಿ ಬಿಸಿಯೇ.

ಧಾರವಾಡದಿಂದ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಹೊಸದಾಗಿ ತಗೋಬೇಕು ಅಂತಿದ್ದೇನೆ. ನಮ್ಮ ಕಡೆ ಅರ್ಧ ಟಾರು, ಅರ್ಧ ಹೊಲದ ದಾರಿ, ಎರೆ ಮಣ್ಣು. ಒಂದೇ ಬೆಲೆಗೆ ಹಿಂದೆ-ಮುಂದೆ ಸಸ್ಪೆನ್ಷನ್ ಇರುವುದೂ ಸಿಗುತ್ತದೆ, ಮುಂದೆ ಮಾತ್ರ ಇರುವುದೂ ಸಿಗುತ್ತದೆ. ಯಾವುದು ಒಳ್ಳೆಯದು?

ಸಕಲೇಶಪುರ

ಬೆಲೆ ಒಂದೇ ಆದರೆ ಮುಂದೆ ಮಾತ್ರ ಇರುವುದೇ ತಗೊಳ್ಳಿ, ಕಣ್ಣುಮುಚ್ಚಿ. ಅಗ್ಗದ ಹಿಂದಿನ ಶಾಕು ಬರೀ ಭಾರ. ತುಳಿದಾಗೆಲ್ಲ ಕುಣಿದು ನಿಮ್ಮ ಶಕ್ತಿ ತಿನ್ನುತ್ತದೆ, ವರ್ಷದಲ್ಲಿ ಕೀಲುಗಳು ಸಡಿಲವಾಗುತ್ತವೆ. ಶಾಕಿಗೆ ಹೋದ ದುಡ್ಡನ್ನು ಬ್ರೇಕು, ಗೇರು, ಚಕ್ರದಲ್ಲಿ ಉಳಿಸಿರುತ್ತಾರೆ.

ಅಂಗಡಿಯಲ್ಲಿ ಮೊದಲು ಅಳತೆ ನೋಡಿ. ಸೈಕಲ್ ನಡುವೆ ಕಾಲು ಹಾಕಿ ನಿಂತಾಗ ಮೇಲಿನ ಕೊಳವೆಗೂ ನಿಮಗೂ ಎರಡು ಇಂಚಾದರೂ ಜಾಗ ಇರಬೇಕು. ಎರಡು ಅಳತೆಯ ನಡುವೆ ಬಂದರೆ ಕೆಟ್ಟ ದಾರಿಗೆ ಸಣ್ಣದು, ಟಾರು ಜಾಸ್ತಿ ಇದ್ದರೆ ದೊಡ್ಡದು. ಆಮೇಲೆ ಹೈಡ್ರಾಲಿಕ್ ಬ್ರೇಕು. ಆಮೇಲೆ ಹಿಂದಿನ ಹಬ್ಬು ಕ್ಯಾಸೆಟ್ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಕೂರುವಂಥದ್ದೇ ಅಂತ ಕೇಳಿ. ಹಳೇ ತರದ ತಿರುಪು ಹಾಕುವ ಫ್ರೀವೀಲ್ ಆದರೆ ಮುಂದೆ ಗೇರು ಹೆಚ್ಚಿಸಲು ಕಷ್ಟ, ಭಾರ ಜಾಸ್ತಿ ಬಿದ್ದರೆ ಆಕ್ಸಲ್ ಬಾಗುವುದೂ ಉಂಟು. ನಿಮ್ಮದು ಅರ್ಧ ಟಾರು, ಹಾಗಾಗಿ ಮುಂದೆ ಎರಡು ಅಥವಾ ಮೂರು ಹಲ್ಲುಚಕ್ರ ಇದ್ದರೆ ತಪ್ಪಿಲ್ಲ. ಒಂದೇ ಇರುವುದು ಕೆಸರಿನಲ್ಲಿ ನೆಮ್ಮದಿ, ಆದರೆ ಸಮ ರಸ್ತೆಯಲ್ಲಿ ವೇಗ ಸಾಲದು ಅನ್ನಿಸಬಹುದು.

ಹುಬ್ಬಳ್ಳಿಯಿಂದ

ಎರೆ ಮಣ್ಣಿನ ಮಾತು ನಾನು ಹೇಳುತ್ತೇನೆ ರೀ, ಮಲೆನಾಡಿನವರಿಗೆ ಇದರ ಕಾಟ ಗೊತ್ತಿಲ್ಲ. ಒಣಗಿದಾಗ ಟಾರಿಗಿಂತ ಚೆನ್ನ. ಹಸಿಯಾದರೆ ನೂರು ಮೀಟರಿನಲ್ಲಿ ಚಕ್ರ ನಿಲ್ಲುತ್ತದೆ. ಟೈರಿಗೆ ರೊಟ್ಟಿಯ ಹಿಟ್ಟಿನ ಹಾಗೆ ಅಂಟಿ, ಫೋರ್ಕಿನ ಸಂದಿಗೆ ತುಂಬಿ, ಸೈಕಲ್ ಹೆಗಲ ಮೇಲೆ ಹೊರಬೇಕು. ದಪ್ಪ ಟೈರು ಹಾಕಿದರೆ ಇನ್ನೂ ಕೆಟ್ಟದು. 2.0ರ ಆಸುಪಾಸು, ಗುಬುಟುಗಳ ನಡುವೆ ಅಂತರ ಜಾಸ್ತಿ ಇರುವ ಟೈರು ತಗೊಳ್ಳಿ. ಟೈರಿಗೂ ಫ್ರೇಮಿಗೂ ನಡುವೆ ಕಿರುಬೆರಳು ಆರಾಮಾಗಿ ಆಡಬೇಕು, ಇದನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಬ್ಯಾಗಿನಲ್ಲಿ ಒಂದು ಬಿದಿರಿನ ಸೀಳು ಇಟ್ಟುಕೊಳ್ಳಿ, ಕೆರೆಯಲಿಕ್ಕೆ. ಮಳೆ ಬಿದ್ದ ದಿನ ಹೊಲದ ದಾರಿ ಬಿಟ್ಟು ಟಾರಿನಲ್ಲೇ ಹೋಗಿ. ಅದಕ್ಕೆ ಬೇರೆ ಉಪಾಯ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಮೂಡಿಗೆರೆ

ಹೊಸ ಪ್ಯಾಡು ಹಾಕಿಸಿ, ಇಪ್ಪತ್ತು ಸಲ ಪಳಗಿಸಿದೆ. ಸದ್ದು ಪೂರ್ತಿ ನಿಂತಿದೆ. ಈಗ ಒಂದೇ ಬೆರಳಲ್ಲಿ ಹಿಡಿದರೂ ನಿಲ್ಲುತ್ತದೆ. ಹಳೇ ಪ್ಯಾಡು ಬಿಸಿಲಿಗೆ ಇಟ್ಟಿದ್ದೆ, ಮೇಲೆ ಎಣ್ಣೆ ಜಿಡ್ಡು ತಾನಾಗಿ ಹೊಮ್ಮಿತ್ತು. ಶನಿವಾರ ಮಳೆ ಇಲ್ಲದಿದ್ದರೆ ಕೊಟ್ಟಿಗೆಹಾರದಿಂದ ಬೆಳಗ್ಗೆ ಆರಕ್ಕೆ ಇಳಿಯುತ್ತೇನೆ. ಸಕಲೇಶಪುರದ ಸರ್, ನೀವೂ ಬರುತ್ತೀರಾ?

ಸಕಲೇಶಪುರ

ಬರುತ್ತೇನೆ. ಒಂದು ಟ್ಯೂಬು ಜಾಸ್ತಿ ತನ್ನಿ, ಪಂಪು ನಾನು ತರುತ್ತೇನೆ.