ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನ ಮಾತು ವಾಟ್ನಿ (ಆಸ್ತಿ ವಿಭಜನೆ) ದಾವೆಯಲ್ಲಿ ಸಾಕ್ಷ್ಯವಾಗುತ್ತದೆಯೇ?

ಕೃಷ್ಣಾತೀರ, ಜಮಖಂಡಿ:

ತಂದೆಯವರ ಜಮೀನಿನಲ್ಲಿ ಹೆಣ್ಣುಮಕ್ಕಳ ಪಾಲು ಕೇಳಿ ನಾನು ಮತ್ತು ನನ್ನ ಅಕ್ಕ 2025ರಲ್ಲಿ ವಾಟ್ನಿ ದಾವೆ ಹೂಡಿದ್ದೇವೆ. ತಂದೆ ಮತ್ತು ಗಂಡುಮಕ್ಕಳ ನಡುವೆ 1998ರಲ್ಲಿಯೇ ಬಾಯಿಮಾತಿನ ವಾಟ್ನಿ ಆಗಿಹೋಗಿದೆ ಎಂದು ಅಣ್ಣ ತಕರಾರು ಸಲ್ಲಿಸಿದ್ದಾರೆ. ಆದರೆ 2022ರಲ್ಲಿ ಬ್ಯಾಂಕಿನ ಸಾಲದ ಕಾಗದಕ್ಕೆ ನಮ್ಮ ಸಹಿ ಬೇಕಾದಾಗ, ಮನೆಮಂದಿಯ ಗುಂಪಿನಲ್ಲಿ ಅವರೇ "ಹೊಲ ಇನ್ನಾ ಒಟ್ಟಿಗೇ ಐತಿ, ವಾಟ್ನಿ ಆಗಿಲ್ಲ, ಅದಕ್ಕ ಎಲ್ಲಾರ ಸಹಿ ಕೇಳ್ಯಾರ" ಎಂದು ಬರೆದಿದ್ದರು. ಅಲ್ಲದೆ, ಹೊಸ ಟ್ರ್ಯಾಕ್ಟರ್ ತಂದಾಗ ಸ್ನೇಹಿತರಿಗೆ ಮಾತ್ರ ಕಾಣುವಂತೆ ಫೇಸ್‌ಬುಕ್‌ನಲ್ಲಿ ಹಾಕಿದ ಚಿತ್ರದ ಕೆಳಗೆ "ಎಲ್ಲರ ಹೊಲಕ್ಕೂ ಒಂದೇ ಟ್ರ್ಯಾಕ್ಟರ್" ಎಂದಿದ್ದರು. ಅದರ ಸ್ಕ್ರೀನ್‌ಶಾಟನ್ನು ತಮ್ಮನ ಮಗಳು ನನಗೆ ಕಳಿಸಿದ್ದಾಳೆ.

ಇವೆರಡೂ ತಮ್ಮ ಖಾಸಗಿತನದ ಉಲ್ಲಂಘನೆ ಎನ್ನುತ್ತಿರುವ ಅಣ್ಣನ ಕಡೆಯವರೇ, ಈಗ ನನ್ನ ಇಡೀ ಫೋನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಅರ್ಜಿ ಹಾಕಿದ್ದಾರೆ. ಅದರಲ್ಲಿ ನನ್ನ ಯಜಮಾನರೊಡನೆ ಆಡಿದ ಮಾತುಗಳಿವೆ, ನನ್ನ ಆಸ್ಪತ್ರೆಯ ಕಾಗದಗಳಿವೆ. ಯಾರ ಖಾಸಗಿತನಕ್ಕೆ ಎಲ್ಲಿಯವರೆಗೆ ಬೆಲೆ ಇದೆ ಎಂಬುದನ್ನು ಬಲ್ಲವರು ತಿಳಿಸಬೇಕು.

ವಕೀಲ, ಬೆಳಗಾವಿ:

ಅಕ್ಕನವರೇ, ನಿಮ್ಮ ಕಡತ ನೋಡದೆ ಬರೆಯುತ್ತಿರುವುದರಿಂದ ಇದನ್ನು ನಿಮ್ಮ ವಕೀಲರ ಸಲಹೆಗೆ ಬದಲಾಗಿ ಇಟ್ಟುಕೊಳ್ಳಬೇಡಿ.

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದ್ದು ನಿಜವಾದರೂ, ಅದಕ್ಕೆ ಮಿತಿಗಳೇ ಇಲ್ಲವೆಂದು ಅದೇ ತೀರ್ಪು ಹೇಳಿಲ್ಲ. ಸಾಕ್ಷ್ಯವನ್ನು ಪಡೆದ ರೀತಿ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಪದ್ಧತಿ ನಮ್ಮ ನ್ಯಾಯಾಲಯಗಳಲ್ಲಿ ಬೆಳೆದಿಲ್ಲ. 1973ರ ಮಲ್ಕಾನಿ ಪ್ರಕರಣದಿಂದಲೂ ನಿಲುವು ಹೀಗೆಯೇ ಇದೆ. 2025ರ ಜುಲೈನಲ್ಲಿ ವಿಭೋರ್ ಗರ್ಗ್ ಪ್ರಕರಣದಲ್ಲಿ, ಹೆಂಡತಿಗೆ ತಿಳಿಯದಂತೆ ಗಂಡ ಧ್ವನಿಮುದ್ರಿಸಿಕೊಂಡ ಸಂಭಾಷಣೆಯನ್ನು ಸಹ ವಿಚ್ಛೇದನದ ದಾವೆಯಲ್ಲಿ ಪರಿಗಣಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಹಾಗಿರುವಾಗ, ನೀವೂ ಸದಸ್ಯರಾಗಿರುವ ಗುಂಪಿನಲ್ಲಿ ನಿಮ್ಮನ್ನೇ ಉದ್ದೇಶಿಸಿ ಬರೆದ ಸಂದೇಶಕ್ಕೆ ಅಣ್ಣನವರು ಗುಟ್ಟಿನ ರಕ್ಷಣೆ ಕೇಳುವುದು ದುರ್ಬಲವಾದ ವಾದ. ಯಾರಾದರೂ ಅವರ ಪಾಸ್‌ವರ್ಡ್ ಕದ್ದು ಖಾತೆಯೊಳಗೆ ಹೊಕ್ಕಿದ್ದರೆ ಮಾತು ಬೇರೆ. ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸವಿರುವ ಅಪರಾಧ.

ನನ್ನ ಅನುಭವದಲ್ಲಿ ಇಂಥ ದಾವೆಗಳು ಸೋಲುವುದು ಖಾಸಗಿತನದ ಪ್ರಶ್ನೆಯಿಂದಲ್ಲ, ರುಜುವಾತಿನ ಕೊರತೆಯಿಂದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಮುದ್ರಿತ ಪ್ರತಿಯೊಂದಿಗೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ನೀವು, ಇನ್ನೊಂದು ಭಾಗಕ್ಕೆ ತಜ್ಞರು ಸಹಿ ಮಾಡಬೇಕು. ಮೂಲ ಸಾಧನವನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡವೆಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳುತ್ತದೆಯಾದರೂ, ನೀವು ಅದನ್ನೇ ನೆಚ್ಚಿ ಕೂಡುವುದು ಬೇಡ.

ಆ ಸಂದೇಶದ ತೂಕವೂ ಸಣ್ಣದಲ್ಲ. ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದೆಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ. 1998ರ ವರ್ದಿಯಾಗಲಿ (ಹಕ್ಕು ಬದಲಾವಣೆಯ ಬಗ್ಗೆ ಕಂದಾಯ ಕಚೇರಿಗೆ ಕೊಡುವ ವರದಿ), ಉತಾರದಲ್ಲಿ (ಪಹಣಿಯಲ್ಲಿ) ಬೇರೆಬೇರೆ ಹೆಸರುಗಳಾಗಲಿ ಇಲ್ಲದಿದ್ದರೆ, 2022ರಲ್ಲಿ ತಾವೇ ಬರೆದ ಈ ಸಾಲಿಗೆ ಅಣ್ಣನವರು ಪಾಟೀಸವಾಲಿನಲ್ಲಿ ಉತ್ತರ ಹುಡುಕಬೇಕಾಗುತ್ತದೆ.

ಇನ್ನು ನಿಮ್ಮ ಫೋನು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ದಾವೆಗೆ ಸಂಬಂಧಪಟ್ಟ ದಾಖಲೆಗಳನ್ನು ಕೇಳಬಹುದೇ ಹೊರತು, ಏನಾದರೂ ಸಿಕ್ಕೀತೆಂದು ಎದುರಾಳಿಯ ಬದುಕನ್ನೆಲ್ಲ ಜಾಲಾಡಲು ಅದರಲ್ಲಿ ಅವಕಾಶವಿಲ್ಲ. ಆ ಗುಂಪಿನ ಸಂಭಾಷಣೆಯನ್ನು ಮಾತ್ರ, ಉಭಯ ವಕೀಲರ ಸಮಕ್ಷಮದಲ್ಲಿ ಅಥವಾ ನ್ಯಾಯಾಲಯ ನೇಮಿಸುವ ಕಮಿಷನರ ಮುಂದೆ ತೋರಿಸಲು ಸಿದ್ಧರಿದ್ದೇವೆಂದು ಲಿಖಿತವಾಗಿ ತಿಳಿಸಿ, ಉಳಿದದ್ದಕ್ಕೆ ಆಕ್ಷೇಪಣೆ ಸಲ್ಲಿಸಿರಿ. ಖಾಸಗಿತನದ ವಾದಕ್ಕೆ ನಿಜವಾದ ಬಲವಿರುವುದು ಇಲ್ಲಿ.

ನಿವೃತ್ತ ಶಿಕ್ಷಕ, ಬಾಗಲಕೋಟೆ:

ಕಾನೂನು ಏನೇ ಇರಲಿ, ಪಡಸಾಲೆಯಲ್ಲಿ ಕುಳಿತು ಆಡಿದಂತಹ ಮಾತನ್ನು ಕೋರ್ಟಿನ ಕಟ್ಟೆ ಹತ್ತಿಸುವುದು ನನಗೆ ಸರಿ ಕಾಣುವುದಿಲ್ಲ. ನಾಳೆ ಯಾವ ಮನೆಯ ಗುಂಪಿನಲ್ಲಿಯೂ ಯಾರೂ ಬಾಯಿ ಬಿಚ್ಚಲಾರರು. ಮೊದಲು ಹಿರಿಯರನ್ನು ಕೂಡಿಸಿ ರಾಜಿಗೆ ಯತ್ನಿಸಬಾರದೇ?

ಮೊಬೈಲ್ ದುರಸ್ತಿಗಾರ, ವಿಜಯಪುರ:

ಗುರುಗಳೇ, ಆ ಮಾತನ್ನು ಹೇಳಿ ಸಹಿ ಪಡೆದವರು ಅಣ್ಣನವರೇ ಅಲ್ಲವೇ? ಅವರಿಗೆ ಅನುಕೂಲವಾದಾಗ ವ್ಯವಹಾರದ ಮಾತಾಗಿದ್ದದ್ದು ಈಗ ಪಡಸಾಲೆಯ ಮಾತಾಗಲಾರದು.

ಅಕ್ಕಾ, ನನ್ನ ಕಸುಬಿಗೆ ಸಂಬಂಧಿಸಿದ ಒಂದೆರಡು ವಿಷಯ ಹೇಳುತ್ತೇನೆ. ಆ ಒಂದೇ ಸಂದೇಶವನ್ನು ಕತ್ತರಿಸಿ ತೆಗೆದ ಚಿತ್ರವನ್ನು ಕೊಡಬೇಡಿ. ಹಿಂದುಮುಂದಿನ ಮಾತು, ದಿನಾಂಕ ಮತ್ತು ಕಳಿಸಿದವರ ನಂಬರ್ ಕಾಣುವಂತೆ ಇಡೀ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿಸಿ. ಹೀಗೆ ಬರುವುದು ಬರೀ ಅಕ್ಷರಗಳ ಫೈಲ್ ಆದ್ದರಿಂದ ಅದನ್ನು ಯಾರಾದರೂ ತಿದ್ದಬಹುದು. ಪ್ರಮಾಣಪತ್ರದಲ್ಲಿ ಬರೆಯುವ ಹ್ಯಾಶ್ ಮೌಲ್ಯವು (ಫೈಲಿನಲ್ಲಿರುವುದರಿಂದ ಲೆಕ್ಕಹಾಕಿ ತೆಗೆಯುವ ಗುರುತಿನ ಸಂಖ್ಯೆ) ಅದನ್ನು ತೆಗೆದ ಮೇಲೆ ಫೈಲ್ ಬದಲಾಗಿಲ್ಲ ಎಂಬುದನ್ನಷ್ಟೇ ತೋರಿಸುತ್ತದೆ, ಅದಕ್ಕೂ ಮೊದಲು ಯಾರೂ ತಿದ್ದಿರಲಿಲ್ಲ ಎಂಬುದನ್ನಲ್ಲ. ಆದ್ದರಿಂದ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ, ಗುಂಪಿನಿಂದ ಹೊರಬಂದರೂ ಸಂಭಾಷಣೆಯನ್ನು ಅಳಿಸಬೇಡಿ. ಇಷ್ಟು ಹಳೆಯ ಸಂದೇಶವನ್ನು ಅಣ್ಣನವರು ನಿಮ್ಮ ಫೋನಿನಿಂದ ಅಳಿಸಲು ಈಗ ಬರುವುದಿಲ್ಲ. ಕಂಪನಿಯಿಂದ ಪ್ರತಿ ತರಿಸುವ ಆಸೆಯೂ ಬೇಡ. ತಲುಪಿದ ಸಂದೇಶಗಳನ್ನು ವಾಟ್ಸ್‌ಆ್ಯಪ್ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಕೃಷ್ಣಾತೀರ, ಜಮಖಂಡಿ:

ಎಲ್ಲರಿಗೂ ಧನ್ಯವಾದಗಳು. ಗುರುಗಳೇ, ಹಿರಿಯರ ಮುಂದೆ ಕೂತದ್ದೂ ಆಗಿದೆ, ಅಣ್ಣ ಬರಲಿಲ್ಲ. ವಕೀಲ ಸಾಹೇಬರೇ, ಟ್ರ್ಯಾಕ್ಟರಿನ ಚಿತ್ರ ಕೊಟ್ಟರೆ ತಮ್ಮನ ಮಗಳು ಸಾಕ್ಷಿಕಟ್ಟೆ ಹತ್ತಬೇಕಾಗುತ್ತದೆಯೇ? ಅವಳಿಗೆ ಈಗ ಮದುವೆ ಗೊತ್ತಾಗಿದೆ.

ವಕೀಲ, ಬೆಳಗಾವಿ:

ಆ ಚಿತ್ರವನ್ನು ನೋಡಿ ಸೆರೆಹಿಡಿದವಳು ಅವಳಾದ್ದರಿಂದ, ಅಣ್ಣನವರು ಅಲ್ಲಗಳೆದರೆ ಅವಳೇ ಹೇಳಬೇಕಾಗುತ್ತದೆ. "ಎಲ್ಲರ ಹೊಲ" ಎಂಬುದಕ್ಕೆ ಹತ್ತು ಅರ್ಥ ಹಚ್ಚಬಹುದು. ಗುಂಪಿನ ಸಂದೇಶಕ್ಕೆ ಹಾಗೆ ಮಾಡಲು ಆಗುವುದಿಲ್ಲ. ಚಿತ್ರವನ್ನು ಕೈಬಿಟ್ಟು, ಬ್ಯಾಂಕಿನಲ್ಲಿರುವ ಆ ಸಾಲದ ಕಾಗದಗಳನ್ನು ನ್ಯಾಯಾಲಯದ ಮೂಲಕ ತರಿಸಲು ನಿಮ್ಮ ವಕೀಲರಿಗೆ ಹೇಳಿರಿ.