‘ಪ್ರಸಾದಕ್ಕೆ ಬನ್ನಿ’: ವಿದ್ಯಾರ್ಥಿ ನಿಲಯದ ಹಳೆಯ ಹುಡುಗರ ಗುಂಪಿನಲ್ಲಿ ಒಂದು ಬ್ಯಾನರ್ ಜಗಳ

ಡಬಲ್ ಸಾರು, 6.12
(ಹಲವು ಬಾರಿ ಫಾರ್ವರ್ಡ್ ಆಗಿದೆ)
ಪ್ರಸಾದ ಎಂದರೇನು? ನೂರರಲ್ಲಿ 99 ಮಂದಿಗೆ ಗೊತ್ತಿಲ್ಲ! ಪ್ರ ಎಂದರೆ ಪ್ರಭುವಿನ, ಸಾ ಎಂದರೆ ಸಾಕ್ಷಾತ್, ದ ಎಂದರೆ ದರ್ಶನ. ಹತ್ತು ಜನರಿಗೆ ಕಳುಹಿಸಿ, ಸಂಜೆಯೊಳಗೆ ಶುಭ ಸುದ್ದಿ.

ಡಬಲ್ ಸಾರು, 6.14
ಭಾನುವಾರದ ಬ್ಯಾನರಿಗೆ ಇದನ್ನೇ ಹಾಕಿಸುತ್ತೇನೆ. ದಾಸೋಹದ ಮನೆಗೆ ಅಕ್ಕಿ ಕೊಡುತ್ತಿದ್ದೇವಲ್ಲ, ಚೆನ್ನಾಗಿ ಹೊಂದುತ್ತದೆ. ಬ್ಯಾನರಿನವನು ಹತ್ತು ಗಂಟೆಯೊಳಗೆ ಬರಹ ಕೇಳಿದ್ದಾನೆ.

ಮೇಷ್ಟ್ರು, 6.41
ಹಾಕಿಸಬೇಡ. ಮೂರು ವರ್ಷ ಪ್ರಸಾದ ನಿಲಯದ ಅನ್ನ ತಿಂದು ಆ ಪದಕ್ಕೇ ಕತ್ತರಿ ಹಾಕುತ್ತೀಯಾ? ಅದು ‘ಪ್ರ’ ಉಪಸರ್ಗ, ‘ಸದ್’ ಧಾತು. ಕೂರು, ತಳ ಸೇರು ಎಂದು ಅರ್ಥ. ರಾಡಿ ನೀರನ್ನು ಕೊಡದಲ್ಲಿ ಅಲುಗಿಸದೆ ಇಟ್ಟರೆ ಮಣ್ಣು ತಳಕ್ಕಿಳಿದು ಮೇಲೆ ತಿಳಿಯಾಗುತ್ತದೆಯಲ್ಲ, ಆ ತಿಳಿಯೇ ಪ್ರಸಾದ. ಅಗಸ್ತ್ಯ ನಕ್ಷತ್ರ ಮೂಡಿದಾಗ ನೀರು ‘ಪ್ರಸಸಾದ’ ಎಂದು ಕಾಳಿದಾಸ ರಘುವಂಶದ 4ನೇ ಸರ್ಗದಲ್ಲಿ ಹೇಳುತ್ತಾನೆ. ಮಳೆಗಾಲ ಕಳೆಯಿತು, ನೀರು ತಿಳಿಯಾಯಿತು, ಅಷ್ಟೇ. ಅಲ್ಲಿ ಲಾಡೂ ಇಲ್ಲ, ಪುಳಿಯೋಗರೆಯೂ ಇಲ್ಲ.

ಡಬಲ್ ಸಾರು, 6.50
ಬೆಳಗಾಗುವ ಮೊದಲೇ ವ್ಯಾಕರಣ! ಮೇಷ್ಟ್ರೇ, ‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ತಡೆಯುವವನು ಎಂದು ನಮಗೆ ಹೇಳಿಕೊಟ್ಟವನು ನೀನೇ. ಅದೂ ಅಕ್ಷರ ಒಡೆದದ್ದೇ. ಹಿಂದಿನವರು ಒಡೆದರೆ ಶಾಸ್ತ್ರ, ನಾನು ಒಡೆದರೆ ಕತ್ತರಿಯೇ?

ವಕೀಲ, 6.52
ಪಾಯಿಂಟ್ ಇದೆ. ಮೇಷ್ಟ್ರು ಉತ್ತರ ಕೊಡಬೇಕು.

ಮೇಷ್ಟ್ರು, 7.05
ಒಪ್ಪಿದೆ. ಹಾಗೆ ಒಡೆದು ಧ್ಯಾನಿಸುವ ರೂಢಿ ಹಳೆಯದೇ. ಆದರೆ ಕತ್ತಲೆ ಕಳೆಯುವವನು ಎನ್ನುವುದು ಗುರುವಿನ ಕೆಲಸಕ್ಕೆ ಹತ್ತಿರವಾಗಿಯೇ ನಿಲ್ಲುತ್ತದೆ. ನಿನ್ನದು ಪದವನ್ನು ಬೇರೆ ಊರಿಗೇ ಸಾಗಿಸುತ್ತದೆ. ಪ್ರಸಾದ ಕಣ್ಣಿಗೆ ಕಾಣುವುದರ ಮಾತಲ್ಲ, ಒಳಗೆ ತಿಳಿಯಾಗುವುದರ ಮಾತು. ಗೀತೆ 2.64 ತೆಗೆದು ನೋಡು: ರಾಗದ್ವೇಷ ಬಿಟ್ಟ ಇಂದ್ರಿಯಗಳಿಂದ ನಡೆಯುವವನು ‘ಪ್ರಸಾದಮಧಿಗಚ್ಛತಿ’. ಶಂಕರರು ಅದಕ್ಕೆ ಪ್ರಸನ್ನತೆ, ಸ್ವಾಸ್ಥ್ಯ ಎಂದು ಅರ್ಥ ಬರೆದಿದ್ದಾರೆ. ಪೂಜಾರಿ ಕೈಗೆ ಹಾಕಿದ್ದು ಎಂದಲ್ಲ.

ವಕೀಲ, 7.11
ಆಕ್ಷೇಪಣೆ. ಅದೇ ಗೀತೆಯ 18.73ರಲ್ಲಿ ಅರ್ಜುನ ‘ತ್ವತ್ಪ್ರಸಾದಾತ್’ ನನ್ನ ಮೋಹ ಹೋಯಿತು ಎನ್ನುತ್ತಾನೆ. ನಿನ್ನ ಅನುಗ್ರಹದಿಂದ ಎಂದು. ಅಲ್ಲಿ ಕೊಡುವವನೊಬ್ಬ ಇದ್ದಾನೆ. ಒಂದೇ ಗ್ರಂಥ, ಎರಡು ಅರ್ಥ. ನೀನು ನಿನಗೆ ಬೇಕಾದ ಸಾಕ್ಷಿಯನ್ನಷ್ಟೇ ಕರೆದಿದ್ದೀಯೆ.

ಮೇಷ್ಟ್ರು, 7.26
ಹಾಗಾದರೆ ಇನ್ನೂ ಒಳ್ಳೆಯ ಸಾಕ್ಷಿ ಕೊಡುತ್ತೇನೆ, ನನಗೇ ವಿರುದ್ಧವಾದದ್ದು. ಕಠೋಪನಿಷತ್ತಿನಲ್ಲಿ (1.2.20) ‘ಧಾತುಪ್ರಸಾದಾತ್’ ಆತ್ಮದ ಮಹಿಮೆ ಕಾಣುತ್ತದೆ ಎಂದಿದೆ. ಶಂಕರರ ಪ್ರಕಾರ ಇಲ್ಲಿ ಧಾತುಗಳೆಂದರೆ ಮನಸ್ಸು, ಇಂದ್ರಿಯ ಮೊದಲಾದ ಕರಣಗಳು. ಅವು ತಿಳಿಯಾದಾಗ ಕಾಣುತ್ತದೆ. ಹೆಚ್ಚುಕಡಿಮೆ ಅದೇ ಮಂತ್ರ ಶ್ವೇತಾಶ್ವತರದಲ್ಲಿ (3.20) ಬರುವಾಗ ‘ಧಾತುಃ ಪ್ರಸಾದಾತ್’ ಆಗುತ್ತದೆ. ಈಗ ಧಾತೃ, ಸೃಷ್ಟಿಕರ್ತ. ಅವನ ಕೃಪೆಯಿಂದ ಕಾಣುತ್ತದೆ. ನಡುವೆ ಇರುವುದು ಒಂದು ವಿಸರ್ಗ. ಎರಡು ಚುಕ್ಕೆ! ನಿನ್ನ ಸಾಧನೆಯೋ, ಅವನ ಕರುಣೆಯೋ ಎಂಬ ಇಡೀ ಜಗಳ ಆ ಎರಡು ಚುಕ್ಕೆಯಲ್ಲಿದೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇಂದಿಗೂ ಅಲ್ಲಿ ಬಂದಾಗ ತಡೆದು ನಿಲ್ಲುತ್ತೇನೆ.

ಕರಾವಳಿ, 7.40
ಮಾರಾಯ, ನಮ್ಮ ಊರಿನಲ್ಲಿ ಪ್ರಸಾದ ಎಂದರೆ ಬಾಳೆಲೆಯ ಚೂರಿನಲ್ಲಿ ಗಂಧ, ಹೂವು. ನಿಲಯಕ್ಕೆ ಬಂದ ಮೊದಲ ರಾತ್ರಿ ಗಂಟೆ ಬಾರಿಸಿ ‘ಪ್ರಸಾದಕ್ಕೆ ಏಳಿ’ ಎಂದಾಗ ತಟ್ಟೆ ಬಿಟ್ಟು ಬರಿಗೈಯಲ್ಲಿ ಹೋಗಿ ಸಾಲಿನಲ್ಲಿ ನಿಂತವನು ನಾನು. ಎದುರಿಗೆ ಮುದ್ದೆ ಬಂತು.

ಡಬಲ್ ಸಾರು, 7.42
ನೆನಪಿದೆ! ನನ್ನ ತಟ್ಟೆಯನ್ನೇ ನಿನಗೆ ಕೊಟ್ಟಿದ್ದೆ.

ಶಾಸನ, 8.15
ಈಗಷ್ಟೇ ನೋಡಿದೆ. ಇಬ್ಬರೂ ಸಂಸ್ಕೃತದಲ್ಲೇ ಸುತ್ತುತ್ತಿದ್ದೀರಿ, ಕನ್ನಡದ ಕಲ್ಲು ಕೇಳಿ. ಹಳಗನ್ನಡದಲ್ಲಿ ಪ್ರಸಾದ ‘ಪಸಾಯ’ ಆಯಿತು. ದೊರೆ ಮೆಚ್ಚಿ ಕೊಟ್ಟ ಉಡುಗೊರೆ ಎಂದು ಅರ್ಥ. ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಿ ‘ಪಸಾಯಿತ’, ‘ಮಹಾಪಸಾಯಿತ’ ಎಂಬ ಪದವಿಗಳೇ ಇವೆ. ದೊರೆಯ ಮನಸ್ಸು ತಿಳಿಯಾಯಿತು, ಮೆಚ್ಚುಗೆ ಹುಟ್ಟಿತು, ಕೈಯಿಂದ ಬಟ್ಟೆಯೋ ಭೂಮಿಯೋ ಇಳಿಯಿತು. ಮೂರಕ್ಕೂ ಒಂದೇ ಹೆಸರು. ದೇವರ ಎದುರಿನ ಹೂವು, ಅನ್ನಕ್ಕೂ ಅದೇ ದಾರಿ. ದೇವರ ಬಲಕ್ಕೆ ಹೂವು ಬಿದ್ದಾಗ ‘ಬಲಗಡೆ ಪ್ರಸಾದವಾಯಿತು’ ಎಂದು ನಮ್ಮ ಅಜ್ಜಿ ಮದುವೆ ಗೊತ್ತು ಮಾಡುತ್ತಿದ್ದದ್ದು ಹೂವಿನ ರುಚಿ ನೋಡಿ ಅಲ್ಲ, ಅಪ್ಪಣೆ ಸಿಕ್ಕಿತೆಂದು. ಇನ್ನು ‘ಹಸಾದ’ ಎಂಬುದೂ ಇದೇ ಪದ. ಆಳು ಅಪ್ಪಣೆ ತಲೆಯ ಮೇಲೆ ಹೊತ್ತಾಗ ಆಡುವ ಮಾತು.

ಮೂಲೆ ರೂಮಿನ ಬಸಣ್ಣ, 8.33
ಕೊಡುವವನ ಮನಸ್ಸನ್ನೇ ಎಲ್ಲರೂ ಅಳೆದಿರಿ. ನಮ್ಮ ಲಿಂಗಾಯತರಲ್ಲಿ ಭಕ್ತನನ್ನು ಕಾಯುವ ಎಂಟು ಆವರಣಗಳಲ್ಲಿ, ಅಂದರೆ ಅಷ್ಟಾವರಣದಲ್ಲಿ, ಪ್ರಸಾದವೂ ಒಂದು. ಸಾಧಕ ಏರುವ ಆರು ಮೆಟ್ಟಿಲಾದ ಷಟ್‌ಸ್ಥಲದಲ್ಲಿ ಭಕ್ತ, ಮಾಹೇಶ್ವರ ಆದ ಮೇಲೆ ಮೂರನೆಯದು ‘ಪ್ರಸಾದಿ’. ಅಂದರೆ ತೆಗೆದುಕೊಳ್ಳುವವನಿಗೇ ಒಂದು ಸ್ಥಲ! ಲಿಂಗಕ್ಕೆ ಅರ್ಪಿಸದೆ ಮುಟ್ಟುವುದಿಲ್ಲ, ಬಂದದ್ದರಲ್ಲಿ ಒಂದು ಅಗುಳು ಬಿಡುವುದಿಲ್ಲ, ತಟ್ಟೆ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ಆ ನೀರು ಕುಡಿಯಲು ಮೊದಲ ವಾರ ಅತ್ತವರು ಈ ಗುಂಪಿನಲ್ಲಿ ಮೂವರಿದ್ದಾರೆ, ಹೆಸರು ಹೇಳುವುದಿಲ್ಲ.

ವಕೀಲ, 8.35
ಹೇಳಬೇಡ.

ಮೇಷ್ಟ್ರು, 8.47
ಬಸಣ್ಣ, ನಾನು ಅನ್ನವನ್ನು ಕೀಳು ಮಾಡಿದಂತೆ ಕೇಳಿಸಿದ್ದರೆ ತಪ್ಪು ನನ್ನದು. ಲಾಡೂ, ಪುಳಿಯೋಗರೆಯ ಮಾತು ವಾಪಸ್. ನನ್ನ ತಕರಾರು ಆ ಮೂರು ಅಕ್ಷರದ ಆಟದ ಬಗ್ಗೆ ಮಾತ್ರ, ಅದನ್ನು ಬಿಟ್ಟುಕೊಡುವುದಿಲ್ಲ. ದಾಸೋಹದ ಮನೆಯ ಗೋಡೆಗೆ ಅದನ್ನು ಅಂಟಿಸಿದರೆ ನಾಳೆ ಹುಡುಗರು ಪರೀಕ್ಷೆಯಲ್ಲಿ ಬರೆಯುತ್ತಾರೆ.

ಡಬಲ್ ಸಾರು, 9.38
ನನಗೆ ಬೇಜಾರಾಗಿದೆ ಎಂದು ಮೊದಲು ದಾಖಲಿಸುತ್ತೇನೆ. ಅಕ್ಕಿಗೆ ಓಡಾಡಿದವನು ನಾನು, ನಿಮಗೆ ವಿಸರ್ಗದ ಚಿಂತೆ. ಬ್ಯಾನರಿಗೆ ‘ಪ್ರಸಾದಕ್ಕೆ ಬನ್ನಿ, ಮಧ್ಯಾಹ್ನ 12.30’ ಎಂದಷ್ಟೇ ಕಳುಹಿಸಿದ್ದೇನೆ. ಅರ್ಥ ಬೇಕಾದವರು ಮೇಷ್ಟ್ರ ಪಕ್ಕದಲ್ಲಿ ಕುಳಿತು ಉಣ್ಣಲಿ.

ಮೇಷ್ಟ್ರು, 9.40
ಇದಕ್ಕಿಂತ ಒಳ್ಳೆಯ ಬರಹ ಇಲ್ಲ. ‘ಪ್ರ’ಕ್ಕೆ ದೀರ್ಘ ಬೀಳದಂತೆ ನೋಡಿಕೋ. ‘ಪ್ರಾಸಾದ’ ಎಂದರೆ ಅರಮನೆ.

ಡಬಲ್ ಸಾರು, 10.25
(ಚಿತ್ರ)
ಮಾದರಿ ಬಂತು.

ಕರಾವಳಿ, 10.26
‘ಪ್ರಾಸಾದಕ್ಕೆ ಬನ್ನಿ.’

ವಕೀಲ, 10.26
ನಮ್ಮ ತಗಡಿನ ಶೆಡ್ಡಿಗೆ ಕೊನೆಗೂ ನ್ಯಾಯ ಸಿಕ್ಕಿತು.

ಡಬಲ್ ಸಾರು, 10.31
ತಿದ್ದಲು 150 ರೂಪಾಯಿ ಕೇಳುತ್ತಿದ್ದಾನೆ. ಮೇಷ್ಟ್ರ ಲೆಕ್ಕಕ್ಕೆ ಬರೆದಿದ್ದೇನೆ.